ಅಕ್ಕನ ಮಡಿಲಿಗೆ ಮರಳಿದ ಕವಡೆಗಳು

ಆ ದಿನ ಬೆಳಿಗ್ಗೆ ಅಕ್ಕ ಚಹಾದ ಲೋಟವನ್ನು ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಕ್ಕಿದಳು. ಅರ್ಧ ಚಹಾ ಹೊರಗೆ ಚೆಲ್ಲಿತು. "ಏಳೋ ವಿರುಪ್ಯಾ, ಎಷ್ಟೊತ್ತು ಮಲಗ್ತಿ? ನಾ ಏನ್ ನಿನ್ನ ಆಳೇನು?" ಎಂದಳು. ನನಗೆ ನೆನಪಿರುವಂತೆ ಅಕ್ಕ ನನ್ನನ್ನು ಗದರಿದ್ದು ಅದೇ ಮೊದಲು. ನಾನು ಎದ್ದು ಕುಳಿತು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಸೆರಗನ್ನು. ಸೆರಗಿನ ತುದಿಯಲ್ಲಿ ದಪ್ಪನೆಯ ಗಂಟಿತ್ತು. ಅವಳು ಅಲುಗಾಡಿದಾಗಲೆಲ್ಲ ಅದರೊಳಗಿನಿಂದ ಕವಡೆಗಳ ಸದ್ದು ಬರುತ್ತಿತ್ತು.

"ವಾಪಸ್ ಬಂದ್ವೇನು?" ಎಂದು ಕೇಳಿದೆ. "ಬಂದ್ವು. ಒಂದೂ ಉಳಿಲಾರದಂಗ ಬಂದ್ವು. ಎದ್ದು ನೋಡಿದ್ರ ಮಡಿಲ ತುಂಬ ಬಿದ್ದಿದ್ವು," ಎಂದಳು. ಆಮೇಲೆ ಚೆಲ್ಲಿದ ಚಹಾ ನೋಡಿ, "ಅದನ್ನ ನೀನ ಒರಸು," ಎಂದು ಒಳಗೆ ಹೋದಳು. ನಾನು ಒರೆಸಿದೆ.

ನಮ್ಮೂರಿನಲ್ಲಿ ಕವಡೆ ಯಾವಾಗ ಬರುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು. ಕಷ್ಟದ್ದೇನನ್ನೋ ದಾಟಿದ ಮೇಲೆ ಬರುತ್ತದೆ ಎಂಬುದು ಹಿರಿಯರ ಮಾತು. ನಾನು ಕಂಡಮಟ್ಟಿಗೆ ಅದು ಬಹುಪಾಲು ನಿಜ. ಒಂದು ಬೆಳಿಗ್ಗೆ ಮುಷ್ಟಿ ಬಿಚ್ಚಿದರೆ ಅಂಗೈಯಲ್ಲಿ ಒಂದು ಕವಡೆ ಇರುತ್ತದೆ. ಅದನ್ನು ಊರ ನಡುವಿನ ಕಟ್ಟೆಗೆ ಒಯ್ದು, ಅಲ್ಲಿರುವ ಆರು ಕಲ್ಲುಬಾನಿಗಳಲ್ಲಿ ಒಂದಕ್ಕೆ ಹಾಕಬೇಕು. ಬಲ, ಚುರುಕು, ತಾಳ್ಮೆ, ಬುದ್ಧಿ, ವಿವೇಕ, ಮಾತು. ಯಾವ ಬಾನಿಗೆ ಹಾಕುತ್ತೇವೋ ಆ ಗುಣದಲ್ಲಿ ಒಂದು ಮೆಟ್ಟಿಲು ಏರುತ್ತೇವೆ. ಹಾಕಿದ ಮೇಲೆ ಕೈ ಇಳಿಬಿಟ್ಟು ಹುಡುಕಿದರೂ ಕವಡೆ ಸಿಗುವುದಿಲ್ಲ. ಊರಿನ ವಾರಪತ್ರಿಕೆಯಲ್ಲಿ 'ಮೆಟ್ಟಿಲೇರಿದವರು' ಎಂಬ ಅಂಕಣವಿದೆ. ಯಾರು ಏರಿದರು, ಯಾವ ಬಾನಿ, ಅಷ್ಟೇ. ಅದನ್ನು ಬರೆಯುವುದು ನನ್ನ ಕೆಲಸ.

ಯಾವ ಬಾನಿ ಎಂಬುದು ಅವರವರ ಇಷ್ಟ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮನೆಯಲ್ಲಿ ಕುಳಿತು ಲೆಕ್ಕ ಹಾಕದವರಿಲ್ಲ. ಕೊಟ್ರಪ್ಪನ ಮಕ್ಕಳು ಯಾರ ಮಾತೂ ಕೇಳದೆ ಎಲ್ಲರೂ ಬಲಕ್ಕೇ ಹಾಕಿದರು. ಆ ಮನೆಯಲ್ಲಿ ಈಗ ಒಂದು ಬಾಗಿಲ ಅಗುಳಿಯೂ ನೆಟ್ಟಗಿಲ್ಲ, ಬಡಗಿ ಅಲ್ಲೇ ಊಟ ಮಾಡುತ್ತಾನೆ. ಪತ್ತಾರರ ಮನೆಯಲ್ಲಿ ಎಲ್ಲರದೂ ಮಾತು. ಬಿಸಿ ರೊಟ್ಟಿ ತಿಂದ ನೆನಪು ಅಲ್ಲಿ ಯಾರಿಗೂ ಇಲ್ಲ. ಇಂಥದ್ದಾಗಬಾರದೆಂದು ಊರು ಒಂದು ರೂಢಿ ಮಾಡಿಕೊಂಡಿದೆ: ಮನೆಗೊಂದು ತಾಳ್ಮೆ. ಒಬ್ಬರು ತಮ್ಮ ಕವಡೆಗಳನ್ನು ಆ ಬಾನಿಗೇ ಹಾಕುತ್ತ ಹೋದರೆ ಉಳಿದವರು ಬೇಕಾದ್ದು ಮಾಡಿಕೊಳ್ಳಬಹುದು. ಹೆಣ್ಣು ನೋಡಲು ಬಂದವರು ಮೊದಲು ಕೇಳುವ ಪ್ರಶ್ನೆಯೇ, "ನಿಮ್ಮ ಮನ್ಯಾಗ ತಾಳ್ಮಿ ಯಾರದು?" ಸಾಮಾನ್ಯವಾಗಿ ಅದು ಹಿರಿಮಗಳದ್ದೇ ಆಗಿರುತ್ತದೆ. ಅಂಥವಳನ್ನು ಕೊಡಲು ತೌರಿನವರು ಹಿಂದೆಮುಂದೆ ನೋಡುತ್ತಾರೆ. ನಮ್ಮಲ್ಲೂ ನೋಡಿದರು. ಅಕ್ಕನ ಮದುವೆಯ ಮಾತು ಹಾಗೇ ನಿಂತುಹೋಯಿತು.

ನನ್ನ ಎದೆ ಹುಟ್ಟಿನಿಂದ ಸರಿಯಿಲ್ಲ. ಗಾಳಿಕಾಲ ಬಂತೆಂದರೆ ಉಸಿರು ಕಟ್ಟುತ್ತದೆ, ಒಳಗಿನಿಂದ ಸೀಟಿ ಊದಿದ ಸದ್ದು ಬರುತ್ತದೆ. ಅಂಥ ದಿನಗಳಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿ ಬೆನ್ನು ತೀಡುತ್ತಿದ್ದವಳು ಅಕ್ಕ. ಒಂದು ಕೆಟ್ಟ ಹೊತ್ತು ದಾಟಿದ ಮರುದಿನ ಅವಳ ಮುಷ್ಟಿಯಲ್ಲಿ ಕವಡೆ ಇರುತ್ತಿತ್ತು. ಮೊದಲನೆಯದು ಬಂದಾಗ ಅವ್ವ, "ತಾಳ್ಮಿಗೆ ಹಾಕವ್ವ ನೀಲಾ, ತಮ್ಮನ ನೋಡ್ಕೋಬೇಕಲ್ಲ," ಅಂದಿದ್ದಳಂತೆ. ಆಮೇಲೆ ಯಾರೂ ಹೇಳಬೇಕಾಗಲಿಲ್ಲ. ಅವ್ವ ಹೋದ ಮೇಲೂ ಅಕ್ಕ ಬೇರೆ ಬಾನಿಯ ಕಡೆ ತಿರುಗಲಿಲ್ಲ. ಅವಳ ತಾಳ್ಮೆ ಎಷ್ಟು ಏರಿತೆಂದರೆ ಅದು ನಮ್ಮ ಮನೆಯಲ್ಲಿ ಹಿಡಿಸದೆ ಓಣಿಗೆಲ್ಲ ಹರಿಯಿತು. ನೀರಿನ ಸರದಿಯಲ್ಲಿ ಎಲ್ಲರ ಕೊಡ ಕಾಯುವವಳು ಅವಳು. ಅಳುವ ಕೂಸುಗಳನ್ನು ಅವಳ ಕಾಲಮೇಲೆ ಹಾಕಿ ಹೋಗುತ್ತಿದ್ದರು. ಅತ್ತೆ-ಸೊಸೆಯರು ಬೇರೆ ಬೇರೆ ಹೊತ್ತಿನಲ್ಲಿ ಬಂದು ಒಂದೇ ಜಗಳವನ್ನು ಎರಡು ಸಲ ಹೇಳಿ ಹೋಗುತ್ತಿದ್ದರು.

ಕವಡೆ ಮರಳುವುದು ಕೆಲವರಿಗೆ ಮಾತ್ರ, ಅದೂ ಜೀವಮಾನದಲ್ಲಿ ಒಮ್ಮೆ. ಹಾಕಿದ್ದೆಲ್ಲ ಒಟ್ಟಿಗೆ ಮಡಿಲಿಗೆ ಬರುತ್ತವೆ. ಸಂಜೆ ಕಟ್ಟೆಯ ದೀಪ ಹಚ್ಚುವುದರೊಳಗೆ ಮತ್ತೆ ಬೇಕಾದ ಬಾನಿಗೆ ಹಾಕಬೇಕು. ದೀಪ ಹತ್ತಿದ ಮೇಲೆ ಕೈಯಲ್ಲಿ ಉಳಿದದ್ದು ಉಪ್ಪಿನಂತೆ ಕರಗಿಹೋಗುತ್ತದೆ. ಅಲ್ಲಿಯವರೆಗೆ ಆ ಮನುಷ್ಯ ಖಾಲಿ. ಅಕ್ಕ ಆ ಬೆಳಿಗ್ಗೆ ಖಾಲಿಯಾಗಿದ್ದಳು. ಲೋಟ ಕುಕ್ಕಿದ್ದು ಅದಕ್ಕೇ.

ಸುದ್ದಿ ಓಣಿಯಲ್ಲಿ ಹರಡುವ ಮುಂಚೆಯೇ ಎದುರುಮನೆಯ ತುಂಗವ್ವ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಳು. ಅವಳಿಗೆ ಇದು ದಿನದ ದಾರಿ. "ನೀಲಕ್ಕಾ, ಇದನ್ನ ಚೂರ ಹಿಡಕೋವ್ವಾ, ಹಿಟ್ಟು ಬೀಸಿಕೊಂಡು ಬರ್ತೀನಿ," ಎಂದಳು.

"ಬ್ಯಾಡ," ಎಂದಳು ಅಕ್ಕ.

ತುಂಗವ್ವನಿಗೆ ಆ ಶಬ್ದ ತಿಳಿಯಲಿಲ್ಲ. "ಏನಂದಿ?"

"ಬ್ಯಾಡ ಅಂದೆ. ಅದು ಅಳ್ತದ. ಅತ್ತರ ನನ್ನ ತಲಿ ಚಿಟ್ ಅಂತದ. ಇಷ್ಟು ದಿನಾನೂ ಅತ್ತದ, ಇಷ್ಟು ದಿನಾನೂ ನೀ ಹಿಟ್ಟು ಬೀಸೂದು ಮುಗದಿಲ್ಲ. ಯಾ ಊರ ಹಿಟ್ಟವ್ವಾ ಅದು?"

ತುಂಗವ್ವ ನನ್ನ ಕಡೆ ನೋಡಿದಳು. ನಾನು ಅಕ್ಕನ ಸೆರಗಿನ ಗಂಟು ತೋರಿಸಿದೆ. ಅವಳು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, "ಅಯ್ಯ ಶಿವನ! ಸಂಜಿಗೆ ಮತ್ತ ಅಲ್ಲೇ ಹಾಕ್ತಾಳಲ್ಲ? ಓಣಿ ಗತಿ ಏನು?" ಎಂದಳು. "ಓಣಿ ಗತಿ ಓಣೀನ ಕೇಳು," ಎಂದು ಅಕ್ಕ ಕಸಬರಿಗೆ ಕೈಗೆತ್ತಿಕೊಂಡಳು.

ತುಂಗವ್ವ ಕೇಳಿದ್ದು ನನ್ನ ಪ್ರಶ್ನೆಯೂ ಆಗಿತ್ತು. ಗಾಳಿಕಾಲ ದೂರವಿರಲಿಲ್ಲ. ಅಕ್ಕ ತಾಳ್ಮೆಯ ಬಾನಿಯನ್ನು ಬಿಟ್ಟರೆ ನನ್ನ ಮಂಚದ ಪಕ್ಕ ಕೂರುವವರು ಯಾರು ಎಂಬುದು ನನಗೆ ಗೊತ್ತಿರಲಿಲ್ಲ. ಅವಳು ಮತ್ತೆ ಅಲ್ಲೇ ಹಾಕಿದರೆ ಅವಳಿಗೆಂದು ಈ ಲೋಕದಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಗೊತ್ತಿತ್ತು. ಬೆಳಿಗ್ಗೆಯೆಲ್ಲ ಯೋಚಿಸಿ ನಾನೊಂದು ದಾರಿ ಹುಡುಕಿದೆ. ಊಟಕ್ಕೆ ಕುಳಿತಾಗ ಹೇಳಿದೆ.

"ಅಕ್ಕಾ, ಎಲ್ಲಾನೂ ಮಾತಿನ ಬಾನಿಗೆ ಹಾಕು. ದನಿ ಏರ್ತದ. ನಿನಗ ಹಾಡು ಅಂದ್ರ ಎಷ್ಟು ಜೀವ ಅಂತ ನಂಗ ಗೊತ್ತೈತಿ. ನಾ ಮಲಗಿದ್ದಾಗ ತಾಸಗಟ್ಟಲೆ ಗುನುಗುತಿದ್ದಿ."

ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಾಡೇನು? ನಂಗ ಹಾಡು ಅಂದ್ರ ಬ್ಯಾಸರೋ ಮಾರಾಯಾ! ನಿನ್ನ ಎದಿ ಸೀಟಿ ಹೊಡಿಯೂದು ಕೇಳಲಾರದ ಗುನುಗುತಿದ್ದೆ. ಆ ಸಪ್ಪಳ ಕೇಳಿದ್ರ ನಂಗ ಕೈಕಾಲು ನಡಗ್ತಿದ್ವು. ನೀ ಏನ್ ಪೇಪರಿಗೆ ಬರೀತೀಯೋ, ಮನ್ಯಾಗಿನ ಸುದ್ದೀನ ತಪ್ಪು ತಿಳಕೊಂಡಿ."

ಬುದ್ಧಿಯ ಬಾನಿಗೂ ವಿವೇಕದ ಬಾನಿಗೂ ಸರದಿಯಂತೆ ಹಾಕುತ್ತ ಬಂದವನು ನಾನು. "ಮತ್ತ ನಿನಗ ಏನ್ ಬೇಕು?" ಎಂದು ಕೇಳಿದೆ. ಎಂದೂ ಕೇಳಿರದ ಪ್ರಶ್ನೆ ಅದು ಎಂಬುದು ಕೇಳಿದ ಮೇಲೆ ಹೊಳೆಯಿತು.

ಅವಳು ಎಡಗೈಯಿಂದ ಕಿಟಕಿ ತೋರಿಸಿದಳು. ನನ್ನ ಮಂಚದ ಪಕ್ಕದ ಕಿಟಕಿಯಿಂದ, ಊರ ಮನೆಗಳು ಮುಗಿದು ಬಯಲು ಮುಗಿಯುವಲ್ಲಿ, ಉಪ್ಪಿನ ದಿನ್ನೆ ಕಾಣುತ್ತದೆ. ಬಿಸಿಲಲ್ಲಿ ಬೆಳ್ಳಗೆ, ಸಂಜೆ ಕೆಂಪಗೆ. ಹೊತ್ತು ಮುಳುಗುವಾಗ ಅಲ್ಲಿ ಉಪ್ಪಿನ ಗಾಳಿ ಏಳುತ್ತದೆ, ಕಣ್ಣು ಬಿಡಲಾಗುವುದಿಲ್ಲ. ಗಾಳಿ ಏಳುವುದರೊಳಗೆ ಹೋಗಿ ಮರಳಬಲ್ಲವರು ಚುರುಕಿನ ಬಾನಿಯವರು ಮಾತ್ರ.

"ಅಲ್ಲಿ ತನಕ ಹೋಗಿ ಬರಬೇಕು," ಎಂದಳು. "ನಿನ್ನ ಬೆನ್ನ ತೀಡಕೋತ ಇಲ್ಲೇ ಕುಂತು ಅದನ್ನ ನೋಡೀನಿ. ಈ ಕಾಲ್ಲೆ ಹೋದ್ರ ಅರ್ಧ ದಾರ್‍ಯಾಗ ಕತ್ತಲ ಆಗ್ತದ."

"ಅಲ್ಲಿ ಏನೈತಿ?"

"ಉಪ್ಪೈತಿ."

"ಉಪ್ಪು ಅಂಗಡ್ಯಾಗ ಸಿಗ್ತದಲ್ಲ."

"ಹೂಂ. ಅಂಗಡಿಗೆ ಹೋಗಾಕ ನನ್ನ ಯಾರೂ ತಡದಿಲ್ಲ." ಅವಳು ತಾಟು ಸರಿಸಿದಳು. "ನೀ ಖರೇ ಹೇಳು. ನಾ ಏನ್ ಮಾಡಬೇಕು ಅಂತಿ? ಇವತ್ತ ನನಗ ಸುಳ್ಳ ಕೇಳೂವಷ್ಟು ತಾಳ್ಮಿ ಇಲ್ಲ."

"ನೀ ಹಿಂದಿನಂಗ ಇರಬೇಕು ಅನ್ನಸ್ತದ," ಎಂದೆ. "ಹಂಗ ಇರಬಾರದು ಅಂತನೂ ಅನ್ನಸ್ತದ."

"ಎರಡೂ ಬರೀಬ್ಯಾಡ. ಒಂದ ಬರಿ."

"ನಿನಗ ಬೇಕಾದ್ದಕ್ಕ ಹಾಕು. ನಾ ಏನ್ ಸಾಯೂದಿಲ್ಲ."

"ಸಾಯೂದಿಲ್ಲ ಅಂತ ಯಾರ ಹೇಳಿದ್ರು? ನೀ ಪೇಪರಿಗಂತ ಎಲ್ಲಾರಿಗೂ ಕೇಳ್ತಿಯಲ್ಲ, ಯಾರ ಹೇಳಿದ್ರು, ನೀವ ಕಣ್ಣಾರೆ ಕಂಡ್ರೇನು ಅಂತ? ಹೇಳು." ತಾಟುಗಳನ್ನು ಎತ್ತುವಾಗ ಅವಳು ನನ್ನ ತಲೆಯ ಮೇಲೊಂದು ಕೈಯಿಟ್ಟು ತೆಗೆದಳು, ಪಾತ್ರೆಯ ಬಿಸಿ ನೋಡುವವರ ಹಾಗೆ.

ಸಂಜೆ ಕಟ್ಟೆಗೆ ಹೋದಾಗ ಅರ್ಧ ಓಣಿ ಅಲ್ಲಿತ್ತು. ಕವಡೆ ಮರಳಿದವರು ಏನು ಮಾಡುತ್ತಾರೆಂದು ನೋಡುವುದು ನಮ್ಮೂರಿನಲ್ಲಿ ತಪ್ಪಲ್ಲ, ಜನ ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಾರೆ. ಕಟ್ಟೆ ಕಾಯುವ ರಾಚಯ್ಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದ. "ಬರ್ರಿ ನೀಲಮ್ಮ. ವಿಚಾರ ಮಾಡೀರಿ?" ಎಂದ. "ಮಾಡೀನಿ. ನೀ ಬತ್ತಿ ಹೊಸಿಯೂದ್ರಾಗ ಮುಗಸ್ತೀನಿ," ಎಂದು ಅಕ್ಕ ಸೆರಗಿನ ಗಂಟು ಬಿಚ್ಚಿದಳು.

ಮೊದಲ ಹಿಡಿ ಚುರುಕಿನ ಬಾನಿಗೆ ಬಿತ್ತು. ಜನರ ನಡುವೆ ಗುಸುಗುಸು ಎದ್ದಿತು. ಎರಡನೆಯ ಹಿಡಿಯೂ ಅಲ್ಲೇ. "ತಾಳ್ಮಿ ಬಿಟ್ಟ ಹೆಂಗಸು ಮನಿ ಹ್ಯಾಂಗ ನಡಸ್ತಾಳ?" ಎಂದು ಹಿಂದಿನಿಂದ ಯಾರೋ ಅಂದರು. ಅಕ್ಕ ತಿರುಗದೆಯೇ, "ಮನಿ ನಡಿಯೂದಿಲ್ಲಪಾ, ನಾ ನಡೀತೀನಿ," ಎಂದಳು. ಮಂಡಕ್ಕಿ ತಿನ್ನುತ್ತಿದ್ದವರು ನಕ್ಕರು.

ಕೊನೆಗೆ ಒಂದೇ ಕವಡೆ ಉಳಿಯಿತು. ಅದನ್ನು ಹಿಡಿದು ಅಕ್ಕ ತಾಳ್ಮೆಯ ಬಾನಿಯ ಮುಂದೆ ನಿಂತಳು. "ಹಾಕು, ಹಾಕು, ಒಂದಾದ್ರೂ ಹಾಕವ್ವಾ," ಎಂದಳು ತುಂಗವ್ವ. ರಾಚಯ್ಯ ಬತ್ತಿ ಇಟ್ಟು ಕಡ್ಡಿಪೆಟ್ಟಿಗೆ ತೆಗೆದಿದ್ದ. ಅಕ್ಕ ನನ್ನ ಕಡೆ ನೋಡುತ್ತಿದ್ದಳು. ಅದು ನನಗಾಗಿ ಇಟ್ಟುಕೊಂಡ ಕವಡೆ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಅದು ಆ ಬಾನಿಗೆ ಬೀಳುತ್ತಿತ್ತು.

"ಅಕ್ಕಾ, ಅದನ್ನೂ ಚುರುಕಿಗೇ ಹಾಕು," ಎಂದೆ.

"ಯಪ್ಪಾ ವಿರೂಪಾಕ್ಷಿ," ಎಂದಳು ತುಂಗವ್ವ, "ನಾಳೆ ಎದಿ ಕಟ್ಟಿದ್ರ ಪೇಪರ್ ಬಂದು ಬೆನ್ನ ತೀಡ್ತದೇನೋ?"

ಅಕ್ಕ ಹೊರಳಿ ಅದನ್ನೂ ಚುರುಕಿಗೇ ಹಾಕಿದಳು. ಕಡ್ಡಿ ಗೀರಿದ ಸದ್ದು ಮತ್ತು ಕವಡೆ ಕಲ್ಲಿಗೆ ತಾಗಿದ ಸದ್ದು ಒಟ್ಟಿಗೇ ಕೇಳಿಸಿದವು. ಮನೆಗೆ ಹೊರಟಾಗ ಅವಳು ನನಗಿಂತ ಮುಂದೆ ಹೋಗಿಬಿಟ್ಟಳು. ನಾನು ಓಣಿಯ ಮೂಲೆ ತಿರುಗುವಷ್ಟರಲ್ಲಿ ಅವಳು ಬಾಗಿಲು ತೆರೆದು, ಒಳಗೆ ಹೋಗಿ, ಹೊರಗೆ ಬಂದು, "ಬರ್ತೀಯೋ, ನಿಂತು ಬೇರು ಬಿಡ್ತೀಯೋ?" ಎಂದು ಕೂಗುತ್ತಿದ್ದಳು. ಆ ವಾರದ ಅಂಕಣದಲ್ಲಿ ನಾನು ಬರೆದದ್ದು ಇಷ್ಟು: 'ನೀಲಗಂಗಾ, ಕವಡೆ ಮರಳಿದವರು. ಎಲ್ಲವೂ ಚುರುಕು. ತಾಳ್ಮೆ ಇಲ್ಲ.' ಸಂಪಾದಕರು ಕೊನೆಯ ವಾಕ್ಯಕ್ಕೆ ಗೆರೆ ಎಳೆದು, ಖಚಿತವೇ ಎಂದು ಕೇಳಿದರು. ಮನೆಗೆ ಬಂದು ನೋಡಿರೆಂದೆ. ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡಲು ತಡಮಾಡಿದ್ದಕ್ಕೆ ಬೈಸಿಕೊಂಡು ಹೋದರು. ವಾಕ್ಯ ಉಳಿಯಿತು.

ಓಣಿ ಹೊಂದಿಕೊಂಡಿತು. ತುಂಗವ್ವನ ಸೊಸೆ ಜಗಳ ಹೇಳಲು ಬೇರೆ ಜಾಗವಿಲ್ಲದೆ ಅತ್ತೆಗೇ ಹೇಳಿದಳು. ಮೂರು ದಿನ ಮಾತು ಬಿಟ್ಟರು, ಆಮೇಲೆ ಇಬ್ಬರೂ ಸೇರಿ ಹಪ್ಪಳ ಮಾಡಿದರು. ನೀರಿಗೆ ಈಗ ಅವರವರ ಕೊಡಕ್ಕೆ ಅವರವರೇ ನಿಲ್ಲುತ್ತಾರೆ. ಅಕ್ಕ ನನ್ನ ಅಂಕಣವನ್ನೂ ಬಿಡಲಿಲ್ಲ. "ಇದನ್ನ ಓದಿದ್ರ ನಿದ್ದಿ ಬರ್ತದ. ಹೆಸರು, ಬಾನಿ, ಹೆಸರು, ಬಾನಿ. ಯಾಕ ಹಾಕಿದ್ರು ಅಂತ ಯಾಕ ಬರಿಯೂದಿಲ್ಲ?" ಇಷ್ಟು ವರ್ಷ ಅವಳು ಅದನ್ನು ಓದಿ ಸುಮ್ಮನೆ ಮಡಿಸಿಡುತ್ತಿದ್ದಳು. ಮುಂದಿನ ವಾರದಿಂದ ನಾನು ಪ್ರತಿಯೊಬ್ಬರಿಗೂ ಯಾಕೆ ಎಂದು ಕೇಳತೊಡಗಿದೆ. ಜನ ಹೇಳಿದರು. ಬಡಗಿಯ ಹೆಂಡತಿ, "ನನ್ನ ಗಂಡ ಕೊಟ್ರಪ್ಪನ ಮನ್ಯಾಗ ಉಣ್ಣೂದು ಸಾಕಾಗೈತಿ" ಎಂದು ಮಾತಿನ ಬಾನಿಗೆ ಹಾಕಿದ್ದಳು. ಈಗ ಊರು ಮೊದಲು ಓದುವುದು ಆ ಅಂಕಣವನ್ನು. ಇದಕ್ಕೆ ನಾನು ಋಣಿ ಎಂದರೆ ಅಕ್ಕ, "ಋಣ ಗಿಣ ಬ್ಯಾಡ, ಜಲ್ದಿ ಊಟ ಮಾಡು" ಅನ್ನುತ್ತಾಳೆ.

ದಿನ್ನೆಗೆ ಮೊದಲ ಸಲ ಹೋಗಿ ಬಂದ ದಿನ ಅವಳು ಬಿಸಿಲಿರುವಾಗಲೇ ಮರಳಿದ್ದಳು. ಕಾಲಿಗೆಲ್ಲ ಉಪ್ಪು ಹತ್ತಿತ್ತು. ಹೇಗಿದೆ ಎಂದು ಕೇಳಿದೆ. "ಬೆಳ್ಳಗೈತಿ. ಕಾಲಾಗ ಕರ ಕರ ಅಂತದ. ಭಾಳ ಚಂದ ಐತಿ," ಎಂದಳು. ಆಮೇಲೆ, "ಅಲ್ಲಿಂದ ನಮ್ಮ ಕಿಟಕಿ ಕಾಣ್ತದ. ನಿನಗ ಉಸಿರು ಕಟ್ಟಿದ್ರ ಒಂದು ಬಿಳಿ ಟವೆಲ್ ಹೊರಗ ಹಾಕು," ಎಂದಳು. ನಾನು ಗೋಡೆಯ ಗೂಟಕ್ಕೆ ಟವೆಲ್ ನೇತುಹಾಕಿದೆ, ಕೈಗೆ ಎಟಕುವಂತೆ.

ಗಾಳಿಕಾಲ ಬಂತು. ಒಂದು ಮಧ್ಯಾಹ್ನ, ಅಕ್ಕ ದಿನ್ನೆಗೆ ಹೋಗಿದ್ದಾಗ, ಎದೆ ಕಟ್ಟಿತು. ಒಂದು ಗುಕ್ಕು ಗಾಳಿ ಒಳಗೆ ಹೋಗಲು ಇಡೀ ಮೈ ಎದ್ದು ನಿಲ್ಲಬೇಕಾಗುತ್ತಿತ್ತು. ಟವೆಲನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದ್ದು ನೆನಪಿದೆ. ಸಿಕ್ಕಿಸಿದ ಮೇಲೆ, ತಾಳ್ಮೆಯಿಲ್ಲದವಳು ಬಂದು ಏನು ಮಾಡುತ್ತಾಳೆ, ಬಂದರೂ ಎಷ್ಟು ಹೊತ್ತು ಇರುತ್ತಾಳೆ ಎಂದು ಯೋಚಿಸಿದ್ದೂ ನೆನಪಿದೆ.

ಅವಳು ಬಂದಳು. ಬಯಲಿನಲ್ಲಿ ಧೂಳಿನ ಗೆರೆಯೊಂದು ಕಂಡಿತು, ಅದು ಅಕ್ಕನೆಂದು ನಾನು ಗುರುತಿಸುವ ಮೊದಲೇ ಬಾಗಿಲು ಗೋಡೆಗೆ ಬಡಿಯಿತು. "ಕುಂದ್ರು! ನೆಟ್ಟಗ ಕುಂದ್ರು! ಮಲಗಬ್ಯಾಡ ಅಂತ ಎಷ್ಟು ಸಲ ಹೇಳಬೇಕು?" ಎನ್ನುತ್ತ ಬೆನ್ನಿಗೆ ದಿಂಬು ತುರುಕಿದಳು. ಒಲೆಯ ಮೇಲೆ ನೀರಿಟ್ಟಳು. ಅದು ಕುದಿಯುವವರೆಗೆ ನಿಲ್ಲಲಾರದೆ ನೀರನ್ನೇ ಬೈದಳು. ಹಬೆಯ ಪಾತ್ರೆ ತಂದು ನನ್ನ ಮುಖಕ್ಕೆ ಹಿಡಿದು ಬೆನ್ನು ತೀಡತೊಡಗಿದಳು. ಎದೆಯ ಸೀಟಿ ಕೇಳುತ್ತಿತ್ತು. ಅವಳು ಈಗ ಗುನುಗಲಿಲ್ಲ. ಒಮ್ಮೆ ಮಂಚದ ಕಾಲಿಗೆ ಒದ್ದು, "ನಿಲ್ಲಸೋ ಅದನ್ನ! ನನಗ ಕೇಳಾಕ ಆಗೂದಿಲ್ಲ!" ಎಂದು ಕೂಗಿದಳು. ಎದ್ದು ಬಾಗಿಲಿನವರೆಗೆ ಹೋದಳು. ಈಗ ಹೋದಳು ಎಂದುಕೊಂಡೆ. ಹೊಸ್ತಿಲ ಮೇಲೆ ನಿಂತು ದಿನ್ನೆಯ ಕಡೆ ನೋಡಿ, ತಿರುಗಿ ಬಂದು ಮತ್ತೆ ಬೆನ್ನಿಗೆ ಕೈ ಹಾಕಿದಳು. ಮತ್ತೆ ಎದ್ದಳು, ಬೈದಳು, ಬಂದಳು. ಉಸಿರು ಸಡಿಲಾಗುವವರೆಗೆ ಇದೇ ನಡೆಯಿತು.

ಅವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದುದು ತಾಳ್ಮೆಯ ಬಾನಿಯಿಂದ ಎಂದು ಊರು ತಿಳಿದಿತ್ತು, ನಾನೂ ತಿಳಿದಿದ್ದೆ. ಆ ಬಾನಿಯಲ್ಲಿ ಈಗ ಅವಳದೆಂಬ ಒಂದು ಕವಡೆಯೂ ಇರಲಿಲ್ಲ. ಕಟ್ಟೆಯ ಮೇಲೆ ನಾನೇ ನಿಂತು ನೋಡಿದ್ದೇನೆ. ಆದರೂ ಅವಳು ಬಂದಿದ್ದಳು, ಒಂದು ಕ್ಷಣವನ್ನೂ ಸಹಿಸಲಾರದೆ, ಹೊತ್ತು ಮುಳುಗುವವರೆಗೂ ಇದ್ದಳು.

ಮರುದಿನ ಬೆಳಿಗ್ಗೆ ಮುಷ್ಟಿ ಬಿಗಿಯಾಗಿತ್ತು. ಬಿಚ್ಚಿದರೆ ನನ್ನ ಅಂಗೈಯಲ್ಲಿ ಕವಡೆ. ಅಕ್ಕ ದಿನ್ನೆಯ ಕಡೆ ಹೊರಟಾಗಿತ್ತು. ನಾನು ನಿಧಾನವಾಗಿ ಕಟ್ಟೆಗೆ ಹೋದೆ. ರಾಚಯ್ಯ ಬಾನಿಗಳ ಸುತ್ತ ಗುಡಿಸುತ್ತಿದ್ದ. ನಾನು ನಿಂತ ಜಾಗ ನೋಡಿ, "ಬುದ್ಧಿ ಬಾನಿ ಆ ಕಡೆ ಐತ್ರಿ," ಎಂದ.

"ಗೊತ್ತೈತಿ ರಾಚಯ್ಯ," ಎಂದು ತಾಳ್ಮೆಗೆ ಹಾಕಿದೆ.

ಅವನು ಕಸಬರಿಗೆಯನ್ನು ಗೋಡೆಗೆ ಒರಗಿಸಿ ನಿಂತ. "ಎಲ್ಲಾರಿಗೂ ನೀವ ಕೇಳ್ತೀರಿ. ಇವತ್ತ ನಾ ಕೇಳ್ತೀನಿ. ಯಾಕ್ರಿ?"

"ನಮ್ಮ ಮನ್ಯಾಗ ತಾಳ್ಮಿ ಯಾರದು ಅಂತ ಕೇಳಿದ್ರ ಹೇಳಾಕ ಒಬ್ಬರು ಬೇಕಲ್ಲ," ಎಂದೆ. ಅವನಿಗೆ ಅದು ಸಾಕಾಯಿತು.

ಸಂಜೆಗೆ ಚಹಾ ಮಾಡಿಟ್ಟು ಕಿಟಕಿಯಲ್ಲಿ ಕುಳಿತೆ. ದಿನ್ನೆ ಕೆಂಪಾಗುತ್ತ ಬಂತು. ಅದರ ಮೇಲೆ ಚುಕ್ಕೆಯಷ್ಟು ಕಾಣುತ್ತಿದ್ದವಳು ಅಂದು ತಡಮಾಡಿದಳು. ಗಾಳಿ ಏಳುವ ಸ್ವಲ್ಪ ಮೊದಲು ಧೂಳಿನ ಗೆರೆ ಊರಿನ ಕಡೆ ತಿರುಗಿತು. ಅಷ್ಟು ಹೊತ್ತು ಒಂದೇ ಕಡೆ ನೋಡುತ್ತ ಕೂರುವುದು ಹೇಗಿರುತ್ತದೆಂದು ನನಗೆ ಅಂದು ತಿಳಿಯಿತು. ಅಕ್ಕ ಉಪ್ಪಿನ ಕಾಲಲ್ಲೇ ಒಳಗೆ ಬಂದು, ಲೋಟ ಮುಟ್ಟಿ, "ಇದೇನೋ, ಚಾ ಆರಿ ತಣ್ಣಗ ಆಗೈತಿ?" ಎಂದಳು.

"ಕೊಡು ಇಲ್ಲಿ," ಎಂದು ಇಸಿದುಕೊಂಡು, ಮತ್ತೆ ಬಿಸಿ ಮಾಡಿದೆ.